ಒಂದೇ ಕೊಳವೆಯಲ್ಲಿ ಹೆಚ್ಚು ತೈಲ ಸಾಗಿಸುವುದು ಹೇಗೆ?

ಮಂಗಳೂರಿನ ಎಂಆರ್‌ಪಿಎಲ್ ಸಂಸ್ಕರಣಾಗಾರಕ್ಕೆ ಕಚ್ಚಾ ತೈಲ ಹಡಗಿನಲ್ಲಿ ಬರುತ್ತದೆ. ಅತಿ ದೊಡ್ಡ ಹಡಗುಗಳು ಕಡಲಿನಲ್ಲೇ ನಿಲ್ಲುತ್ತವೆ. ಸಮುದ್ರದಡಿಯ ಕೊಳವೆಯ ಮೂಲಕ ತೈಲ ದಡ ಸೇರುತ್ತದೆ. 1996ರಲ್ಲಿ ಈ ಘಟಕದ ಸಾಮರ್ಥ್ಯ ವರ್ಷಕ್ಕೆ 30 ಲಕ್ಷ ಟನ್ ಇತ್ತು, ಈಗ 150 ಲಕ್ಷ ಟನ್. ಇಲ್ಲಿ ತಯಾರಾದ ಡೀಸೆಲ್, ಪೆಟ್ರೋಲ್ 2003ರಿಂದ ಸುಮಾರು 360 ಕಿ.ಮೀ. ಕೊಳವೆಯಲ್ಲಿ ಹಾಸನದ ಮೂಲಕ ಬೆಂಗಳೂರಿಗೆ ಹೋಗುತ್ತಿವೆ. ಬೇಡಿಕೆ ಹೆಚ್ಚಿದಾಗ ಇಂಥ ಕೊಳವೆಯ ಸಾಮರ್ಥ್ಯ ಹೆಚ್ಚಿಸುವುದು ಹೇಗೆ? ಪ್ರಥಮ ಪಿಯುಸಿಯಲ್ಲಿ ದ್ರವಗಳ ಪಾಠ ಓದುವಾಗ ನನಗೆ ಬಂದ ಪ್ರಶ್ನೆ ಇದು. ಮೂರು ದಾರಿಗಳಿವೆ.

ಮೊದಲನೆಯದು ಪಂಪು. ಹಾಸನ ಸಮುದ್ರಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದೆ. ಪಾಠದ ಸೂತ್ರದಂತೆ ಸಾಂದ್ರತೆ, ಗುರುತ್ವ, ಎತ್ತರಗಳನ್ನು ಗುಣಿಸಿದರೆ, ಡೀಸೆಲ್ಲನ್ನು ಅಷ್ಟು ಎತ್ತರಕ್ಕೆ ಏರಿಸಲು ವಾಯುಮಂಡಲದ ಒತ್ತಡದ ಸುಮಾರು 70 ಪಟ್ಟು ಬೇಕು. ಅದಕ್ಕೇ ಘಟ್ಟದ ಬುಡದ ನೆರಿಯದಲ್ಲಿ ಪಂಪಿಂಗ್ ಸ್ಟೇಷನ್ ಇದೆ. ಇದರ ಮೇಲೆ ಘರ್ಷಣೆಯನ್ನೂ ಸೇರಿಸಬೇಕು. ಹರಿವು ಎರಡು ಪಟ್ಟಾದರೆ ಘರ್ಷಣೆ ಮೀರಲು ಬೇಕಾದ ಒತ್ತಡ ಹತ್ತಿರ ಹತ್ತಿರ ನಾಲ್ಕು ಪಟ್ಟಾಗುತ್ತದೆ, ಅದಕ್ಕೆ ತಗಲುವ ವಿದ್ಯುತ್ ಎಂಟು ಪಟ್ಟು! ಕೊಳವೆಯ ಗೋಡೆ ತಡೆಯುವ ಒತ್ತಡಕ್ಕೂ ಮಿತಿಯಿದೆ.

ಎರಡನೆಯದು, ಪಕ್ಕದಲ್ಲೇ ಇನ್ನೊಂದು ಕೊಳವೆ ಹಾಕುವುದು. ಇದಕ್ಕೆ ಲೂಪ್ ಲೈನ್ ಎನ್ನುತ್ತಾರೆ. ಹರಿವು ಎರಡರಲ್ಲೂ ಹಂಚಿಹೋಗುವುದರಿಂದ ವೇಗ ತಗ್ಗುತ್ತದೆ, ಘರ್ಷಣೆ ಇಳಿಯುತ್ತದೆ, ವಿದ್ಯುತ್ ಉಳಿಯುತ್ತದೆ. ಆದರೆ ನೆಲ ಅಗೆಯಬೇಕು.

ಮೂರನೆಯದು ನನಗೆ ಅಚ್ಚರಿ ತಂದದ್ದು. ಉದ್ದನೆಯ ಸರಪಳಿಯ ಪಾಲಿಮರನ್ನು ಹತ್ತು ಲಕ್ಷ ಭಾಗ ತೈಲಕ್ಕೆ ಕೆಲವೇ ಭಾಗದಷ್ಟು ಬೆರೆಸಿದರೆ, ಕೊಳವೆಯೊಳಗಿನ ಸುಳಿಗಳು ತಗ್ಗಿ ಅದೇ ಒತ್ತಡದಲ್ಲಿ ಹೆಚ್ಚು ತೈಲ ಹರಿಯುತ್ತದೆ. ಅಲಾಸ್ಕಾದ ಕಚ್ಚಾ ತೈಲ ಮಾರ್ಗದಲ್ಲಿ 1979ರಲ್ಲೇ ಇದನ್ನು ಬಳಸಿದರು. ಪಂಪಿನ ಹೊಡೆತಕ್ಕೆ ಈ ಸರಪಳಿಗಳು ತುಂಡಾಗುವುದರಿಂದ ಪ್ರತಿ ಸ್ಟೇಷನ್ ದಾಟಿದ ಮೇಲೆ ಮತ್ತೆ ಬೆರೆಸಬೇಕು.

ಹಾಗಾದರೆ ಯಾವುದು ಒಳ್ಳೆಯದು? ಉತ್ತರ ಭೌತಶಾಸ್ತ್ರದಲ್ಲಷ್ಟೇ ಇಲ್ಲ. 1962ರ ಕೊಳವೆ ಮಾರ್ಗ ಕಾಯ್ದೆಯಂತೆ ಭೂಮಿ ರೈತನ ಹೆಸರಿನಲ್ಲೇ ಉಳಿಯುತ್ತದೆ. ಕಂಪನಿಗೆ ಬಳಕೆಯ ಹಕ್ಕು ಮಾತ್ರ. ಪರಿಹಾರ, ಆ ಪಟ್ಟಿಯ ಮಾರುಕಟ್ಟೆ ಬೆಲೆಯ ಶೇ. 10, ಬೆಳೆ ಹಾನಿಗೆ ಬೇರೆ. ಕೊಳವೆಯ ಮೇಲಿನ ಪಟ್ಟಿಯಲ್ಲಿ ಮನೆ ಕಟ್ಟುವಂತಿಲ್ಲ, ಬಾವಿ ತೋಡುವಂತಿಲ್ಲ, ಮರ ನೆಡುವಂತಿಲ್ಲ.

ದಾಭೋಳ–ಬೆಂಗಳೂರು ಅನಿಲ ಕೊಳವೆ ನಮ್ಮ ಧಾರವಾಡ ಜಿಲ್ಲೆಯಲ್ಲೂ ಹಾದುಹೋಗಿದೆ. ಇಲ್ಲಿಯ ಎರೆಹೊಲದಲ್ಲಿ ಮಣ್ಣು ಮುಚ್ಚಿದ ಮೇಲೆ ಜೋಳ, ಕಡಲೆ ಮತ್ತೆ ಬಿತ್ತಬಹುದು. ದಕ್ಷಿಣ ಕನ್ನಡದ ಅಡಿಕೆ ತೋಟದಲ್ಲಿ ಹಾಗಲ್ಲ. ಕಡಿದ ಸಾಲಿನಲ್ಲಿ ಮತ್ತೆ ಅಡಿಕೆ ಏಳುವುದೇ ಇಲ್ಲ. ಕಾಯ್ದೆ ಒಂದೇ, ಶೇ. 10 ಒಂದೇ, ನಷ್ಟ ಮಾತ್ರ ಒಂದೇ ಅಲ್ಲ.

ಆದ್ದರಿಂದ ತೋಟದ ಸೀಮೆಯಲ್ಲಿ ಮೊದಲು ಪಾಲಿಮರ್ ಮತ್ತು ಪಂಪು, ಅವು ಸಾಲದಿದ್ದರೆ ಮಾತ್ರ ಹೊಸ ಕೊಳವೆ ಎಂಬುದು ನನ್ನ ಅಭಿಪ್ರಾಯ. ವಿದ್ಯುತ್ ಬಿಲ್ಲನ್ನು ಕಂಪನಿ ಲೆಕ್ಕ ಹಾಕುತ್ತದೆ. ಅಡಿಕೆ ಸಾಲಿನ ಲೆಕ್ಕವನ್ನೂ ಯಾರಾದರೂ ಹಾಕಬೇಕಲ್ಲವೇ? ನಮ್ಮಲ್ಲಿ ಮುಂದೆ ಇಂಜಿನಿಯರ್ ಆಗುವವರು ಇದನ್ನು ನೆನಪಿಡಲಿ.