ಕಂಠವೊಂದಿದ್ದರೆ ಸಾಕೆ?

ಗೌರಿ ಹಬ್ಬದ ದಿನ ನಾನು ಆರತಿ ಹಾಡು ಹೇಳಿದ್ದನ್ನು ಕೇಳಿ ಪಕ್ಕದ ಮನೆಯವರು, “ಎಂಥ ಕಂಠ ರೀ ನಿಮ್ದು! ರೇಡಿಯೋದಲ್ಲಿ ಹಾಡ್ಬೇಕಿತ್ತು” ಅಂದರು. ನಾನು ನಕ್ಕು ಅರಿಶಿನ ಕುಂಕುಮ ಕೊಟ್ಟೆ. ಮಗಳು ಮಾತ್ರ ಬಿಡಲಿಲ್ಲ. “ಮತ್ತ್ಯಾಕಮ್ಮ ಹಾಡ್ಲಿಲ್ಲ?” ಎಂದಳು.

ಏನು ಹೇಳಲಿ? ಹೈಸ್ಕೂಲಿನಲ್ಲಿ ಮೊದಲ ಬಹುಮಾನ ಯಾವಾಗಲೂ ನನಗೇ. ಅದೇ ಮುಳುವಾಯಿತೋ ಏನೋ! ಹೇಗೂ ಬರುತ್ತದಲ್ಲ ಎಂದು ಪಾಠ ತಪ್ಪಿಸಿದೆ. ಆಮೇಲೆ ಮದುವೆ. “ಹಬ್ಬ ಹುಣ್ಣಿಮೆಗೆ ಹಾಡಿದ್ರೆ ಸಾಕು” ಅಂದರು ಅತ್ತೆ. ನಾನೂ ಹಟ ಮಾಡಲಿಲ್ಲ. ಎರಡನೇ ಬಹುಮಾನ ಪಡೆಯುತ್ತಿದ್ದ ಗೆಳತಿ ಪಾಠ ಬಿಡಲಿಲ್ಲ. ಇಂದು ಅವಳು ಸಂಗೀತದ ಟೀಚರ್.

ಪ್ರತಿಭೆ ಇದ್ದವರು ಹೇಗಾದರೂ ಮೇಲೆ ಬರುತ್ತಾರೆ ಅನ್ನುತ್ತೇವೆ. ಹಾಗಾದರೆ ಗಂಗೂಬಾಯಿ ಹಾನಗಲ್ಲರ ಬದುಕನ್ನು ನೋಡಿ. 1913ರಲ್ಲಿ ಧಾರವಾಡದಲ್ಲಿ ಹುಟ್ಟಿದವರು. ತಾಯಿ ಅಂಬಾಬಾಯಿ ಒಳ್ಳೆಯ ಕರ್ನಾಟಕ ಸಂಗೀತಗಾರ್ತಿ. ಆದರೂ ಮಗಳ ಹಿಂದೂಸ್ತಾನಿ ಕಲಿಕೆಗೆ ಅಡ್ಡಿಯಾಗಬಾರದೆಂದು ತಮ್ಮ ಹಾಡನ್ನೇ ನಿಲ್ಲಿಸಿದರು. ಮಗಳ ಪಾಠಕ್ಕಾಗಿಯೇ ಸಂಸಾರ ಹುಬ್ಬಳ್ಳಿಗೆ ಬಂತು. ಮುಂದೆ ಗಂಗೂಬಾಯಿ ಸವಾಯಿ ಗಂಧರ್ವರಲ್ಲಿ ಕಲಿಯಲು ಹುಬ್ಬಳ್ಳಿಯಿಂದ ಕುಂದಗೋಳಕ್ಕೆ ರೈಲಿನಲ್ಲಿ ಓಡಾಡಿದರು. ಆಗ ಅವರು ಮಕ್ಕಳ ತಾಯಿ, ಕೈಯಲ್ಲಿ ದುಡ್ಡಿಲ್ಲ, ಬೀದಿಯಲ್ಲಿ ಹಂಗಿಸುವ ಜನ ಬೇರೆ. ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಎಳೆಯ ದನಿ ಹೋಗಿ ಗಡಸಾಯಿತು. ಆ ದನಿಯನ್ನೇ ಸಾಧನೆಯಿಂದ ತಮ್ಮದಾಗಿಸಿಕೊಂಡರು. 1971ರಲ್ಲಿ ಪದ್ಮಭೂಷಣ, 2002ರಲ್ಲಿ ಪದ್ಮವಿಭೂಷಣ ಬಂತು. 2009ರಲ್ಲಿ ತೀರಿಕೊಂಡರು.

ಇದರಲ್ಲಿ ಹುಟ್ಟಿನಿಂದ ಬಂದದ್ದೆಷ್ಟು, ದುಡಿದು ಗಳಿಸಿದ್ದೆಷ್ಟು, ತಾಯಿ ಬಿಟ್ಟುಕೊಟ್ಟದ್ದೆಷ್ಟು, ನೀವೇ ಲೆಕ್ಕ ಹಾಕಿ. ‘ಹಾಡ್ತಾ ಹಾಡ್ತಾ ರಾಗ’ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ. ಆದರೆ ಹಾಡುತ್ತಾ ಕೂರಲು ಹೆಣ್ಣುಮಗಳಿಗೆ ಹೊತ್ತು ಬೇಕಲ್ಲ! ಆ ಹೊತ್ತನ್ನು ಮನೆಯವರೇ ಬಿಡಿಸಿ ಕೊಡಬೇಕು. ಹಾಗೆ ಕಲಿತವರೆಲ್ಲ ಗಂಗೂಬಾಯಿ ಆಗುವುದಿಲ್ಲ, ನಿಜ. ಕಲಿಯದೇ ಉಳಿದರೆ ಏನಾಗುತ್ತದೆಂದು ಮಾತ್ರ ನನಗೆ ಗೊತ್ತು.

ನನ್ನ ಮಗಳಿಗೂ ದನಿ ಚೆನ್ನಾಗಿದೆ. ಸಂಗೀತದ ಕ್ಲಾಸು ಮುಗಿಯುವುದು ರಾತ್ರಿ ಏಳೂವರೆಗೆ. “ನಿನ್ನ ಹಾಗೇ ಕಂಠ, ತಾನಾಗೇ ಬರುತ್ತೆ ಬಿಡು” ಅಂದರು ನಮ್ಮನೆಯವರು. “ನನಗೆ ಬಂದದ್ದು ಅಡುಗೆಮನೆ ತನಕ ಮಾತ್ರ ರೀ” ಅಂದೆ. ಅವರು ಮತ್ತೆ ಮಾತಾಡಲಿಲ್ಲ.

ಈಗ ವಾರಕ್ಕೆರಡು ದಿನ ಅವಳನ್ನು ಕರೆತರಲು ನಾನೇ ಹೋಗುತ್ತೇನೆ. ಆ ದಿನ ರಾತ್ರಿ ಊಟಕ್ಕೆ ಬರೀ ಉಪ್ಪಿಟ್ಟು. ಯಾರೂ ಗೊಣಗುವುದಿಲ್ಲ, ಗೊಣಗಿದರೂ ನನಗೆ ಕೇಳಿಸುವುದಿಲ್ಲ!