ರೈಸ್ ಪೇಪರ್‌ನಿಂದ ಎಲೆ ಸಂಡಿಗೆಗೆ

ಹತ್ತನೇ ಕ್ಲಾಸಿಗೆ ಬಂದ ಮೇಲೆ ಮಗಳಿಗೆ ನನ್ನ ಜೊತೆ ಮಾತೇ ಕಡಿಮೆ. ಕಳೆದ ಭಾನುವಾರ ನಮ್ಮ ಪುಣೆಯ ಅಡುಗೆಮನೆಯಿಂದ ಅವಳೇ ಕೂಗಿದಳು: “ಅಮ್ಮಾ, ರೋಲ್ ಮಾಡೋಣ ಬಾ.”

ಕೊರಿಯಾದ ಬುಲ್ಡಾಕ್ ನೂಡಲ್ಸ್ ಬೇಯಿಸಿ, ನೀರು ಬಸಿದು, ಸಾಸ್ ಅರ್ಧ ಮಾತ್ರ ಬೆರೆಸಿದೆವು. ಪೂರ್ತಿ ಹಾಕಿದರೆ ನಮ್ಮ ಖಾರದ ಮೆಣಸಿನಕಾಯಿಯೂ ಸೋಲಬೇಕು! ಸಸ್ಯಾಹಾರಿಗಳು ಪ್ಯಾಕೆಟ್ಟಿನ ಹಸಿರು ಚುಕ್ಕೆ ನೋಡಿಯೇ ಕೊಳ್ಳಿ.

ವಿಯೆಟ್ನಾಂ ಮೂಲದ ರೈಸ್ ಪೇಪರನ್ನು ನಾನು ಅವಲಕ್ಕಿಯಂತೆ ನೆನೆಸಿಟ್ಟೆ, ಅಂಟು ಮುದ್ದೆಯಾಯಿತು. “ನೀರಲ್ಲಿ ಅದ್ದಿ ತಕ್ಷಣ ತೆಗಿಯಮ್ಮ, ತಟ್ಟೆ ಮೇಲೆ ತಾನೇ ಮೆತ್ತಗಾಗುತ್ತೆ” ಎಂದಳು. ಆರಿದ ನೂಡಲ್ಸ್, ಸೌತೆಕಾಯಿ, ಚೀಸ್ ಇಟ್ಟು, ಎರಡೂ ಬದಿ ಮಡಚಿ ಬಿಗಿಯಾಗಿ ಸುತ್ತಿದೆವು. ಒಂದಕ್ಕೊಂದು ತಾಗದಂತೆ ಕಾವಲಿಯಲ್ಲಿಟ್ಟು ಎಣ್ಣೆ ಬಿಟ್ಟು ಕೆಂಪಗೆ ಕಾಯಿಸಿದರೆ ಹೊರಗೆ ಗರಿಗರಿ, ಒಳಗೆ ಖಾರ.

ಅಕ್ಕಿ ಹಿಟ್ಟನ್ನು ತೆಳ್ಳಗೆ ಹರಡಿ, ಹಬೆಯಲ್ಲಿ ಬೇಯಿಸಿ, ಒಣಗಿಸಿದ್ದೇ ರೈಸ್ ಪೇಪರ್. “ನಮ್ಮಜ್ಜಿ ಮನೆ ಎಲೆ ಸಂಡಿಗೆಯೂ ಹೀಗೇ” ಎಂದೆ. “ಹೇಗೆ ಮಾಡ್ತಾರೆ?” ಎಂದಳು. ನಾನು ತಿಂದವಳೇ ಹೊರತು ಕಲಿತವಳಲ್ಲ. ಊರಿಗೆ ಫೋನ್ ಹಚ್ಚಿ ನನ್ನಮ್ಮನಿಗೆ ಕೊಟ್ಟೆ. ಕನ್ನಡ ತಡವರಿಸುವ ಮಗಳು ಅಜ್ಜಿಯ ಬಳಿ ಅರ್ಧ ಗಂಟೆ ಮಾತಾಡಿದಳು. ಬೇಸಿಗೆ ರಜೆಗೆ ಸಂಡಿಗೆ ಹಾಕಲು ಹೊರಟಿದ್ದೇವೆ.