ಮೀನಿಲ್ಲದ ಅಕ್ವೇರಿಯಂನಿಂದ ನೀರಿಲ್ಲದ ಈಜುಕೊಳದವರೆಗೆ

ಟೇಬಲ್ ಟೆನಿಸ್ ಟೂರ್ನಿ ಎಂದರೆ ಇವತ್ತು ಕಣ್ಣಿಗೆ ಬರುವುದು ಝಗಮಗಿಸುವ ಒಳಾಂಗಣ ಕ್ರೀಡಾಂಗಣ. ಆದರೆ ದೊಡ್ಡ ಟೂರ್ನಿಗಳು ಶುರುವಾದ ಮೇಲೆ ಅರ್ಧ ಶತಮಾನ ಈ ಆಟಕ್ಕೆ ಸ್ವಂತ ಮನೆಯೇ ಇರಲಿಲ್ಲ. ಬೇರೆ ಯಾವುದೋ ಕೆಲಸಕ್ಕೆಂದು ಕಟ್ಟಿದ ಕಟ್ಟಡಗಳಲ್ಲಿ ಬಾಡಿಗೆಗೆ ಬದುಕಿತು. ಆ ದಿನಗಳ ಬಗ್ಗೆ ಕ್ವಿಜ್ ಪುಸ್ತಕಗಳಲ್ಲೂ ಕ್ಲಬ್ಬಿನ ಹರಟೆಯಲ್ಲೂ ಓಡಾಡುವ ಮಾತುಗಳಲ್ಲಿ ಕೆಲವನ್ನು ಇಲ್ಲಿ ಒರೆಗೆ ಹಚ್ಚೋಣ.

ತಪ್ಪು ಕಲ್ಪನೆ: ಆಟ ಹುಟ್ಟಿದ್ದು ಭಾರತದಲ್ಲಿ, ಬ್ರಿಟಿಷ್ ಸೇನಾಧಿಕಾರಿಗಳ ಊಟದ ಮೇಜಿನ ಮೇಲೆ.

ವಾಸ್ತವ: ಕತೆ ಸೊಗಸಾಗಿದೆ. ಸಿಗಾರ್ ಡಬ್ಬಿಯ ಮುಚ್ಚಳವೇ ಬ್ಯಾಟು, ಶಾಂಪೇನ್ ಬಾಟಲಿಯ ಬಿರಡೆಯೇ ಚೆಂಡು, ಸಾಲಾಗಿ ನಿಲ್ಲಿಸಿದ ಪುಸ್ತಕಗಳೇ ನೆಟ್. ನಮ್ಮ ನೆಲದ ಹೆಸರು ಬರುವುದರಿಂದ ನಮಗೂ ಹಿತ. ಆದರೆ ಕಾಗದದ ಮೇಲೆ ಸಿಗುವ ಗಟ್ಟಿ ಆಧಾರಗಳೆಲ್ಲ ಇಂಗ್ಲೆಂಡಿನವು. 1890ರಲ್ಲಿ ಡೇವಿಡ್ ಫಾಸ್ಟರ್ ಎಂಬಾತ ಮೇಜಿನ ಮೇಲಿನ ಟೆನಿಸ್‌ಗೆ ಪೇಟೆಂಟ್ ಪಡೆದ. ಮರುವರ್ಷ ಜಾನ್ ಜಾಕ್ವಿಸ್ ಕಂಪನಿ 'ಗಾಸಿಮಾ' ಎಂಬ ಹೆಸರಿನಲ್ಲಿ ಇಂಥದೇ ಆಟವನ್ನು ಮಾರುಕಟ್ಟೆಗೆ ಬಿಟ್ಟಿತು. ಅದು ಅಷ್ಟಾಗಿ ಓಡಲಿಲ್ಲ. ಬಿರಡೆ ಚೆಂಡು ನೆಟ್ಟಗೆ ಪುಟಿಯುತ್ತಿರಲಿಲ್ಲ, ರಬ್ಬರ್ ಚೆಂಡು ಹದ ಮೀರಿ ಪುಟಿಯುತ್ತಿತ್ತು. 1900ರ ಸುಮಾರಿಗೆ ಸೆಲ್ಯುಲಾಯ್ಡ್ ಚೆಂಡು ಬಂದ ಮೇಲಷ್ಟೇ ಲಂಡನ್ನಿಗೆ ಇದರ ಹುಚ್ಚು ಹಿಡಿದದ್ದು.

ತಪ್ಪು ಕಲ್ಪನೆ: ಮೊದಲ ಟೂರ್ನಿಗಳು ಮನೆಯ ಪಡಸಾಲೆಯಲ್ಲೋ ಸಣ್ಣ ಕ್ಲಬ್ಬಿನಲ್ಲೋ ನಡೆದ ಖಾಸಗಿ ಮೋಜು.

ವಾಸ್ತವ: 1901ರ ಡಿಸೆಂಬರಿನ ದೊಡ್ಡ ಟೂರ್ನಿಗೆ ಮೇಜು ಹಾಕಿದ್ದು ವೆಸ್ಟ್‌ಮಿನ್‌ಸ್ಟರ್‌ನ ರಾಯಲ್ ಅಕ್ವೇರಿಯಂನಲ್ಲಿ, ಲಂಡನ್ನಿನ ನಟ್ಟನಡುವೆ. 1876ರಲ್ಲಿ ತೆರೆದ ಈ ಕಟ್ಟಡದ ಚರಿತ್ರೆಯೇ ಒಂದು ತಮಾಷೆ. ಹೆಸರಿಗೆ ಅಕ್ವೇರಿಯಂ, ದೊಡ್ಡ ದೊಡ್ಡ ತೊಟ್ಟಿಗಳೂ ಇದ್ದವು. ಇಲ್ಲದ್ದು ಮೀನು ಮಾತ್ರ. ಮೀನು ನೋಡಲು ಹೋದವರು ನಗಾಡುತ್ತ ವಾಪಸಾಗುತ್ತಿದ್ದರಂತೆ. ಕೊನೆಗೆ ಜನ ಸೆಳೆಯಲು ಮಾಲೀಕರು ಸರ್ಕಸ್ಸಿನ ದಾರಿ ಹಿಡಿದರು: 1877ರಲ್ಲಿ 'ಝಾಝೆಲ್' ಎಂಬ ಹುಡುಗಿಯನ್ನು ತೋಪಿನೊಳಗಿಟ್ಟು ಹಾರಿಸಿದ್ದು ಇಲ್ಲೇ. ಅಂಥ ಜಾಗಕ್ಕೆ ಹೊಸ ಆಟದ ಟೂರ್ನಿ ಬಂದದ್ದರಲ್ಲಿ ಆಶ್ಚರ್ಯವಿಲ್ಲ. ಟಿಕೆಟ್ ಮಾರುವವರ ಕಣ್ಣಿಗೆ ಇದೂ ಒಂದು ಪ್ರದರ್ಶನವೇ.

ಅದೇ ಚಳಿಗಾಲದಲ್ಲಿ ಕ್ವೀನ್ಸ್ ಹಾಲ್‌ನಲ್ಲೂ ಪಂದ್ಯಗಳು ನಡೆದವು. ಪ್ರಾಮ್ಸ್ ಸಂಗೀತ ಕಛೇರಿಗಳು 1895ರಲ್ಲಿ ಶುರುವಾಗಿದ್ದ ಸಭಾಂಗಣವದು. ಹೀಗೆ ಆಟ ಎರಡೆರಡು ಕಡೆ ಹರಿದದ್ದಕ್ಕೆ ಒಂದು ಹಿನ್ನೆಲೆಯಿದೆ. ಆ ಡಿಸೆಂಬರಿನಲ್ಲಿ ಕೆಲವೇ ದಿನಗಳ ಅಂತರದಲ್ಲಿ ಎರಡು ಪ್ರತಿಸ್ಪರ್ಧಿ ಸಂಘಗಳು ಹುಟ್ಟಿದ್ದವು: ಒಂದು ಟೇಬಲ್ ಟೆನಿಸ್‌ನದು, ಇನ್ನೊಂದು ಪಿಂಗ್ ಪಾಂಗ್‌ನದು. ಆಟಕ್ಕೆ ಹಲ್ಲು ಮೂಡುವ ಮೊದಲೇ ಸಂಘ ಒಡೆದಿತ್ತು! 1904ರ ಹೊತ್ತಿಗೆ ಹುಚ್ಚೂ ಇಳಿಯಿತು. ಅಷ್ಟರಲ್ಲಿ ಅಕ್ವೇರಿಯಂ ನೆಲಸಮವಾಗಿತ್ತು. ಅದರ ಜಾಗದಲ್ಲಿ ಎದ್ದದ್ದು ಮೆಥಡಿಸ್ಟ್ ಸೆಂಟ್ರಲ್ ಹಾಲ್. 1946ರ ಜನವರಿಯಲ್ಲಿ ವಿಶ್ವಸಂಸ್ಥೆಯ ಮಹಾಸಭೆ ಮೊದಲ ಬಾರಿ ಸೇರಿದ್ದು ಅಲ್ಲಿ.

ತಪ್ಪು ಕಲ್ಪನೆ: 1926ರ ಮೊದಲ ವಿಶ್ವ ಚಾಂಪಿಯನ್‌ಷಿಪ್ ಯೋಜನೆಯಿಂದಲೇ ವಿಶ್ವಮಟ್ಟದ್ದು.

ವಾಸ್ತವ: ಅದನ್ನು ಕರೆದದ್ದು ಯುರೋಪಿಯನ್ ಚಾಂಪಿಯನ್‌ಷಿಪ್ ಎಂದು. ಅದು ವಿಶ್ವ ಚಾಂಪಿಯನ್‌ಷಿಪ್ ಆದದ್ದು ಭಾರತೀಯರಿಂದ. ಇಂಗ್ಲೆಂಡಿನಲ್ಲಿದ್ದ ಕೆಲವು ಭಾರತೀಯರು ತಾವೂ ಆಡುತ್ತೇವೆ ಎಂದು ಮುಂದೆ ಬಂದರು. ಅವರನ್ನು ಸೇರಿಸಿಕೊಂಡ ಮೇಲೆ 'ಯುರೋಪಿಯನ್' ಎಂಬ ಫಲಕ ಹೊಂದುವಂತಿರಲಿಲ್ಲ. ಭಾರತದ ತಂಡವೆಂದರೆ ಬೊಂಬಾಯಿಯಲ್ಲಿ ಬ್ಯಾಂಡು ಬಾರಿಸಿ ಹಡಗು ಹತ್ತಿಸಿ ಕಳಿಸಿದ ತಂಡವಲ್ಲ. ಅದರಲ್ಲಿದ್ದ ಹಸನ್ ಅಲಿ ಫೈಜಿ ಡೇವಿಸ್ ಕಪ್ ಆಡಿದ್ದ ಟೆನಿಸ್ ಆಟಗಾರ. ಆ ತಂಡ ಇಂಗ್ಲೆಂಡಿನ ಜೊತೆ ಮೂರನೆಯ ಸ್ಥಾನ ಹಂಚಿಕೊಂಡಿತು. ನಮ್ಮ ಕ್ರೀಡಾ ಚರಿತ್ರೆ ಈ ಪುಟವನ್ನು ಮಡಚಿಟ್ಟೇ ಬಿಟ್ಟಿದೆ ಎಂದು ನನ್ನ ತಕರಾರು.

ಪಂದ್ಯಗಳು ನಡೆದದ್ದು ಲಂಡನ್ನಿನ ಫ್ಯಾರಿಂಗ್ಡನ್ ಬೀದಿಯ ಮೆಮೋರಿಯಲ್ ಹಾಲ್‌ನಲ್ಲಿ. ಸಾಲ ತೀರಿಸಲಾಗದವರನ್ನು ಕೂಡಿಹಾಕುತ್ತಿದ್ದ ಫ್ಲೀಟ್ ಜೈಲಿನ ಜಾಗದಲ್ಲಿ ಕಟ್ಟಿದ ಸಭಾಂಗಣವದು. 1900ರಲ್ಲಿ ಬ್ರಿಟನ್ನಿನ ಲೇಬರ್ ಪಕ್ಷಕ್ಕೆ ಬೀಜ ಬಿದ್ದ ಸಭೆ ಸೇರಿದ್ದೂ ಅದೇ ಸೂರಿನಡಿ. ಟೂರ್ನಿಯ ಬೆನ್ನೆಲುಬಾಗಿದ್ದ ಐವರ್ ಮಾಂಟೆಗ್ಯುಗೆ ಆಗ 22 ವರ್ಷ. ಬ್ಯಾಂಕರ್ ಶ್ರೀಮಂತನ ಮಗ, ಮುಂದೆ ಪಕ್ಕಾ ಕಮ್ಯುನಿಸ್ಟ್. ಅಂಥವನಿಗೆ ಆ ಹಾಲ್ ಒಪ್ಪುವಂಥದ್ದೇ. ತಂಡ ವಿಭಾಗದ ಸ್ವೇತ್‌ಲಿಂಗ್ ಕಪ್ ಕೊಟ್ಟದ್ದು ಅವನ ತಾಯಿ. ಮಗ ಅಂತರರಾಷ್ಟ್ರೀಯ ಫೆಡರೇಷನ್ನಿನ ಅಧ್ಯಕ್ಷಗಿರಿಯಲ್ಲಿ 1967ರವರೆಗೆ ಕೂತ.

ತಪ್ಪು ಕಲ್ಪನೆ: ಹೆಂಗಸರಿಗೆ ಅವಕಾಶ ಸಿಕ್ಕಿದ್ದು ಬಹಳ ತಡವಾಗಿ.

ವಾಸ್ತವ: 1926ರಲ್ಲೇ ಮಹಿಳೆಯರ ಸಿಂಗಲ್ಸ್ ಇತ್ತು, ಗೆದ್ದವಳು ಹಂಗೆರಿಯ ಮರಿಯಾ ಮೆದ್ನ್ಯಾನ್ಸ್‌ಕಿ. ತಡವಾದದ್ದು ತಂಡ ವಿಭಾಗ, 1934ರಲ್ಲಿ.

ತಪ್ಪು ಕಲ್ಪನೆ: ಇದು ಮೊದಲಿನಿಂದಲೂ ಮಿಂಚಿನ ವೇಗದ ಆಟ.

ವಾಸ್ತವ: 1936ರ ಪ್ರಾಗ್ ಚಾಂಪಿಯನ್‌ಷಿಪ್ ನೋಡಿದವರ ಮುಂದೆ ಹಾಗೆಂದಿದ್ದರೆ ಕೈಮುಗಿದಿರುತ್ತಿದ್ದರು. ಪೋಲೆಂಡಿನ ಅಲೋಯ್ಜಿ ಎರ್ಲಿಖ್ ಮತ್ತು ರುಮೇನಿಯಾದ ಫರ್ಕಾಸ್ ಪಾನೆತ್ ನಡುವಿನ ಪಂದ್ಯದಲ್ಲಿ ಮೊದಲ ಪಾಯಿಂಟ್ ಮುಗಿಯಲು ಹಿಡಿದದ್ದು ಎರಡು ಗಂಟೆಗೂ ಹೆಚ್ಚು. ಇಬ್ಬರೂ ಚೆಂಡನ್ನು ಮೆಲ್ಲಗೆ ದಾಟಿಸುವುದೊಂದನ್ನೇ ಮಾಡಿದರು. ತಲೆ ಅತ್ತಿತ್ತ ಆಡಿಸಿ ಅಂಪೈರನ ಕುತ್ತಿಗೆ ಹಿಡಿದುಕೊಂಡಿತೆಂಬ ಕತೆಯೂ ಇದೆ. ಆರೂಮುಕ್ಕಾಲು ಇಂಚಿದ್ದ ನೆಟ್ ಎತ್ತರವಿದ್ದಷ್ಟೂ ರಕ್ಷಣೆಯೇ ಲಾಭ. ಪ್ರಾಗ್ ನಂತರ ಅದನ್ನು ಆರು ಇಂಚಿಗೆ ಇಳಿಸಿದರು, ಪಂದ್ಯಕ್ಕೆ ಕಾಲಮಿತಿಯನ್ನೂ ಹಾಕಿದರು. ಆ ಮಿತಿಗೆ 1937ರಲ್ಲಿ ಆಸ್ಟ್ರಿಯಾದ ಬಾಡೆನ್‌ನಲ್ಲಿ ಮಹಿಳೆಯರ ಫೈನಲ್ಲೇ ಬಲಿಯಾಯಿತು. ಅಮೆರಿಕದ ರೂತ್ ಆರನ್ಸ್, ಆಸ್ಟ್ರಿಯಾದ ಟ್ರೂಡ್ ಪ್ರಿಟ್ಸಿ ಇಬ್ಬರನ್ನೂ ಅನರ್ಹಗೊಳಿಸಿ ಪಟ್ಟ ಖಾಲಿ ಬಿಟ್ಟರು. ಇಬ್ಬರೂ ಜಂಟಿ ಚಾಂಪಿಯನ್ನರು ಎಂದು ಘೋಷಣೆಯಾದದ್ದು 2001ರಲ್ಲಿ!

ತಪ್ಪು ಕಲ್ಪನೆ: ಏಷ್ಯಾ, ಅದರಲ್ಲೂ ಚೀನಾ, ಆರಂಭದಿಂದಲೂ ಈ ಆಟದ ತವರು.

ವಾಸ್ತವ: ಮೊದಲ ಕಾಲು ಶತಮಾನ ಯುರೋಪಿನದೇ ದರಬಾರು. ವಿಶ್ವ ಚಾಂಪಿಯನ್‌ಷಿಪ್ ಏಷ್ಯಾಕ್ಕೆ ಮೊದಲು ಬಂದದ್ದು 1952ರಲ್ಲಿ, ಬೊಂಬಾಯಿಗೆ. ಕನ್ನಡಕಧಾರಿ ಹಿರೋಜಿ ಸಾತೋ ದಪ್ಪ ಸ್ಪಂಜಿನ ಬ್ಯಾಟು ಹಿಡಿದು ಬಂದ. ಚೆಂಡು ತಗುಲಿದ ಸದ್ದೇ ಕೇಳದೆ ಯುರೋಪಿನ ಘಟಾನುಘಟಿಗಳು ತಬ್ಬಿಬ್ಬಾದರು, ಪಟ್ಟ ಜಪಾನಿಗೆ ಹೋಯಿತು. ಎರಡು ವರ್ಷದ ಮೇಲೆ ಜಪಾನಿನವನೇ ಆದ ಇಚಿರೋ ಒಗಿಮುರ ಗೆದ್ದದ್ದು ವೆಂಬ್ಲಿಯ ಎಂಪೈರ್ ಪೂಲ್‌ನಲ್ಲಿ. 1934ರಲ್ಲಿ ಅದನ್ನು ಕಟ್ಟಿದ್ದು ಈಜುಸ್ಪರ್ಧೆಗೆ. ಚೀನಾದ ಮೊದಲ ವಿಶ್ವ ಪ್ರಶಸ್ತಿ ರೋಂಗ್ ಗುವೋತುವಾನ್‌ನದು, 1959ರಲ್ಲಿ ಡಾರ್ಟ್‌ಮಂಡ್‌ನಲ್ಲಿ. 1961ರ ಆತಿಥ್ಯಕ್ಕೆಂದೇ ಬೀಜಿಂಗ್ ಸುಮಾರು 15,000 ಜನ ಹಿಡಿಸುವ ವರ್ಕರ್ಸ್ ಜಿಮ್ನೇಷಿಯಂ ಕಟ್ಟಿಸಿತು. ಅದು ದೇಶದಲ್ಲಿ ಭೀಕರ ಕ್ಷಾಮವಿದ್ದ ಕಾಲವೆಂಬುದನ್ನೂ ಮರೆಯುವಂತಿಲ್ಲ. ನಮ್ಮಲ್ಲಿ ಹಾಗೆ ಈ ಚಾಂಪಿಯನ್‌ಷಿಪ್‌ಗಾಗಿಯೇ ಎದ್ದದ್ದು ಕಲ್ಕತ್ತದ ನೇತಾಜಿ ಒಳಾಂಗಣ ಕ್ರೀಡಾಂಗಣ, 1975ರಲ್ಲಿ.